ಗೆಳೆಯನ ಮನೆಯಲ್ಲಿ ಸುಮ್ಮನೆ ಕಳೆಯುವ ಶನಿವಾರ: ವಿಶ್ವಾಸಿಗೆ ಇದು ವ್ಯರ್ಥ ಕಾಲವೇ?

ಪ್ರಶ್ನೆ: ಬೆಂಗಳೂರಿನಿಂದ, ಗಾಯನ ಮಂಡಳಿಯ ಸದಸ್ಯ

ಎಲ್ಲರಿಗೂ ವಂದನೆಗಳು. ಕೆಲವು ವಾರಗಳಿಂದ ಮನಸ್ಸನ್ನು ಕೊರೆಯುತ್ತಿರುವ ಒಂದು ವಿಷಯವನ್ನು ನಿಮ್ಮ ಮುಂದಿಡುತ್ತಿದ್ದೇನೆ.

ನಾನು ಮತ್ತು ನನ್ನ ಗೆಳೆಯ ಬೋರ್ಡಿಂಗ್ ಶಾಲೆಯ ದಿನಗಳಿಂದಲೂ ಜೊತೆಗಿರುವವರು. ಈಗ ಇಬ್ಬರೂ ಬೆಂಗಳೂರಿನಲ್ಲಿದ್ದೇವೆ, ಒಂದೇ ಸಭೆಗೆ ಹೋಗುತ್ತೇವೆ. ಭಾನುವಾರದ ಆರಾಧನೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ಕೈಕುಲುಕಿ "ಹೇಗಿದ್ದೀಯ?" ಎಂದು ಕೇಳುತ್ತೇನೆ, ಅವನು "ದೇವರ ಕೃಪೆಯಿಂದ ಚೆನ್ನಾಗಿದ್ದೇವೆ" ಎನ್ನುತ್ತಾನೆ, ಅಷ್ಟರಲ್ಲಿ ಯಾರೋ ಬಂದು ಕಮಿಟಿಯವರು ಕಾಯುತ್ತಿದ್ದಾರೆಂದು ನನ್ನನ್ನು ಕರೆದುಕೊಂಡು ಹೋಗುತ್ತಾರೆ. ಹೀಗೆಯೇ ನಡೆದುಕೊಂಡು ಬಂದಿತ್ತು. ಕಳೆದ ತಿಂಗಳು ಔಷಧಿ ಅಂಗಡಿಯ ಮುಂದೆ ಅವನ ತಾಯಿ ಸಿಕ್ಕಾಗ, ಅವನ ಕೆಲಸ ಹೋಗಿ ಐದು ತಿಂಗಳಾಯಿತೆಂಬುದು ಅವರ ಬಾಯಿಂದ ತಿಳಿಯಿತು. ಐದು ತಿಂಗಳೆಂದರೆ ಇಪ್ಪತ್ತಕ್ಕೂ ಹೆಚ್ಚು ಭಾನುವಾರಗಳು. ಅಷ್ಟು ಸಲವೂ ನಾನು ಅವನನ್ನು "ಹೇಗಿದ್ದೀಯ" ಎಂದು ಕೇಳಿದ್ದೇನೆ. ಒಂದು ಸಲವೂ ನಿಜವಾದ ಉತ್ತರ ಬರುವಷ್ಟು ಹೊತ್ತು ಅಲ್ಲಿ ನಿಂತಿಲ್ಲ.

ಅಂದು ರಾತ್ರಿಯೇ ಫೋನ್ ಮಾಡಿದೆ. ಅವನು ದೂರಲಿಲ್ಲ, ದುಃಖವನ್ನೂ ತೋಡಿಕೊಳ್ಳಲಿಲ್ಲ. "ಒಂದು ಶನಿವಾರ ಸುಮ್ಮನೆ ಬಾ, ಊಟ ಮಾಡಿಕೊಂಡು ಸಂಜೆವರೆಗೂ ಇರು" ಎಂದಷ್ಟೇ ಹೇಳಿದ. ಆದರೆ ಶನಿವಾರ ನಮ್ಮಲ್ಲಿ ಮಧ್ಯಾಹ್ನ ಗಾಯನ ಮಂಡಳಿಯ ಅಭ್ಯಾಸ, ಸಂಜೆ ಬಡಾವಣೆಯ ಮನೆ ಕೂಟ. ಬುಧವಾರ ಉಪವಾಸ ಪ್ರಾರ್ಥನೆ, ಶುಕ್ರವಾರ ಸತ್ಯವೇದ ಅಧ್ಯಯನ. ಒಂದು ಶನಿವಾರ ಬಿಡುವು ಬೇಕೆಂದು ಕೇಳಿದ್ದಕ್ಕೆ ಹಿರಿಯರೊಬ್ಬರು, ದಿನಗಳು ಕೆಟ್ಟವಾಗಿರುವುದರಿಂದ ಸಮಯವನ್ನು ಸದುಪಯೋಗ ಮಾಡಿಕೊಳ್ಳಬೇಕೆಂಬ ಎಫೆಸದವರ ಪತ್ರದ ಮಾತನ್ನು ನೆನಪಿಸಿ, "ಹೋಗುವುದಾದರೆ ಸತ್ಯವೇದ ತೆಗೆದುಕೊಂಡು ಹೋಗಿ, ಒಂದು ಗಂಟೆ ಪ್ರಾರ್ಥನೆ ಮಾಡಿಸಿ ಬನ್ನಿ, ಹರಟೆಗೆ ದಿನವಿಡೀ ಕಳೆಯುವುದು ವಿಶ್ವಾಸಿಗೆ ತಕ್ಕದ್ದಲ್ಲ" ಎಂದರು. ಅವರು ನನಗೆ ತಂದೆಯ ಸಮಾನರು. ಕೇಡು ಬಯಸಿ ಹೇಳಿದ ಮಾತಲ್ಲ ಅದು.

ನನ್ನ ಪ್ರಶ್ನೆ ಇಷ್ಟೆ. ಯಾವ ಕಾರ್ಯಕ್ರಮವೂ ಇಲ್ಲದೆ, ಯಾವ ಆತ್ಮಿಕ ಉದ್ದೇಶವನ್ನೂ ಮುಂದಿಟ್ಟುಕೊಳ್ಳದೆ ಗೆಳೆಯನೊಂದಿಗೆ ಅರ್ಧ ದಿನ ಕಳೆಯುವುದಕ್ಕೆ ಕ್ರೈಸ್ತ ಜೀವಿತದಲ್ಲಿ ಸ್ಥಾನವಿದೆಯೇ, ಅಥವಾ ಅದು ನನ್ನ ಮನಸ್ಸಿನ ಸಮಾಧಾನಕ್ಕೆ ನಾನು ಹುಡುಕುತ್ತಿರುವ ನೆಪವೇ?

ಉತ್ತರ: ಧಾರವಾಡದಿಂದ, ನಿವೃತ್ತ ಶಿಕ್ಷಕ

ಪ್ರಿಯ ಸಹೋದರರೇ, ನಿಮ್ಮ ಹಿರಿಯರು ತೋರಿಸಿದ ವಚನದಿಂದಲೇ ಆರಂಭಿಸುತ್ತೇನೆ. ಎಫೆಸ 5:16ರಲ್ಲಿ ಪೌಲನು 'ಸಮಯ' ಎಂಬುದಕ್ಕೆ ಬಳಸಿರುವ ಗ್ರೀಕ್ ಮಾತು 'ಕೈರೊಸ್'. ಗಂಟೆ, ನಿಮಿಷಗಳಾಗಿ ಉರುಳಿಹೋಗುವ ಕಾಲಕ್ಕೆ ಆ ಭಾಷೆಯಲ್ಲಿ 'ಕ್ರೊನೊಸ್' ಎಂಬ ಬೇರೊಂದು ಮಾತಿದೆ. ಕೈರೊಸ್ ಎಂದರೆ ಒದಗಿಬಂದ ಹೊತ್ತು, ಸಕಾಲ. ಅದರ ಜೊತೆಗಿರುವ ಕ್ರಿಯಾಪದ ಪೇಟೆಯಲ್ಲಿ ಬೆಲೆ ಕೊಟ್ಟು ಕೊಂಡುಕೊಳ್ಳುವುದಕ್ಕೆ ಸಂಬಂಧಿಸಿದ್ದು. ಆದ್ದರಿಂದ ದಿನದ ಪ್ರತಿಯೊಂದು ಗಂಟೆಯನ್ನೂ ಕೂಟಗಳಿಂದ ತುಂಬಿಸಬೇಕೆಂಬ ಅಪ್ಪಣೆಯನ್ನು ಆ ವಚನದಿಂದ ತೆಗೆಯುವುದು ನನಗೆ ಸರಿಯೆನಿಸುವುದಿಲ್ಲ. ಐದು ತಿಂಗಳು ಬಾಯಿಬಿಡದ ಗೆಳೆಯ ತಾನಾಗಿಯೇ "ಬಾ" ಎಂದು ಕರೆದಿದ್ದಾನೆ. ಒದಗಿಬಂದ ಹೊತ್ತು ಎಂದರೆ ಇದೇ ಅಲ್ಲವೇ? ಅದಕ್ಕೆ ಕೊಡಬೇಕಾದ ಬೆಲೆ ಒಂದು ಶನಿವಾರ.

ಇನ್ನು ಕರ್ತನಾದ ಯೇಸುವಿನ ನಡೆಯನ್ನು ನೋಡೋಣ. ಪುನರುತ್ಥಾನದ ದಿನ ಆತನು ಮಾಡಬಹುದಾಗಿದ್ದ ಕೆಲಸಗಳು ಎಷ್ಟಿದ್ದವು! ಆದರೂ ಲೂಕನು ಬರೆದಿರುವಂತೆ, ಎಮ್ಮಾಹುವಿಗೆ ಹೊರಟಿದ್ದ ಇಬ್ಬರ ಜೊತೆ ಆತನು ಸುಮಾರು 11 ಕಿಲೋಮೀಟರಿನ ಆ ದಾರಿಯಲ್ಲಿ ನಡೆದನು. ಆ ಇಬ್ಬರಲ್ಲಿ ಒಬ್ಬನ ಹೆಸರು ಕ್ಲೆಯೊಫ, ಇನ್ನೊಬ್ಬನ ಹೆಸರನ್ನೂ ಲೂಕನು ಹೇಳಿಲ್ಲ. ಅಪೊಸ್ತಲರಲ್ಲದ ಸಾಮಾನ್ಯ ಶಿಷ್ಯರು. ಕರ್ತನು ಮೊದಲು ಕೇಳಿದ್ದು, ನೀವು ಮಾತಾಡಿಕೊಳ್ಳುತ್ತಿರುವ ವಿಷಯವೇನು ಎಂದು. ತನಗೆ ತಿಳಿದೇ ಇದ್ದ ಸಂಗತಿಯನ್ನು ಅವರ ಬಾಯಿಂದ ಪೂರ್ತಿಯಾಗಿ ಹೇಳಿಸಿ, ತಾನು ಕೇಳಿಸಿಕೊಂಡು ನಡೆದನು. ಶಾಸ್ತ್ರಗಳನ್ನು ವಿವರಿಸಿದ್ದು ಅದಾದ ಮೇಲೆ. ಊರು ಹತ್ತಿರವಾದಾಗ ಮುಂದಕ್ಕೆ ಹೋಗುವವನಂತೆ ಮಾಡಿದನು. ಹೊತ್ತು ಮುಳುಗುತ್ತಾ ಬಂತು, ನಮ್ಮ ಸಂಗಡ ಇರು ಎಂದು ಅವರು ಬಲವಂತ ಮಾಡಿದ ಮೇಲೆಯೇ ಒಳಗೆ ಹೋದನು. ಆತನು ಯಾರೆಂಬುದು ಅವರಿಗೆ ತಿಳಿದದ್ದು ದಾರಿಯಲ್ಲಲ್ಲ, ಊಟಕ್ಕೆ ಕುಳಿತು ರೊಟ್ಟಿ ಮುರಿದಾಗ. ನಾನು ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವನು; ಮಗುವಾಗಲಿ ದೊಡ್ಡವರಾಗಲಿ ಮನಸ್ಸಿನಲ್ಲಿರುವುದನ್ನು ಮೊದಲ ಗಂಟೆಯಲ್ಲಿ ಹೇಳುವುದು ಅಪರೂಪವೆಂದು ಕಂಡುಕೊಂಡಿದ್ದೇನೆ. ಹೊರಡುವ ಹೊತ್ತಿಗೆ, ಚಪ್ಪಲಿ ಮೆಟ್ಟಿಕೊಳ್ಳುವಾಗ, ಗೇಟಿನ ಚಿಲಕಕ್ಕೆ ಕೈಯಿಟ್ಟಾಗ ಆ ಮಾತು ಹೊರಬರುತ್ತದೆ. ಒಂದು ಗಂಟೆಯ ಪ್ರಾರ್ಥನೆ ಮಾಡಿಸಿ ಎದ್ದು ಬರುವವರಿಗೆ ಅದು ಕೇಳಿಸುವುದೇ ಇಲ್ಲ.

ಯೋಹಾನನ ಮೂರನೆಯ ಪತ್ರವನ್ನೂ ಒಮ್ಮೆ ತೆಗೆದು ಓದಿರಿ. ಹೊಸ ಒಡಂಬಡಿಕೆಯ ಅತಿ ಚಿಕ್ಕ ಬರಹಗಳಲ್ಲಿ ಅದೊಂದು, ಐದು ನಿಮಿಷವೂ ಬೇಡ. ಸಭೆಯೊಳಗಿನ ಕಠಿಣವಾದ ಕಲಹದ ನಡುವೆ ಗಾಯನೆಂಬ ಸ್ನೇಹಿತನಿಗೆ ಬರೆದ ಪತ್ರವದು. ಬರೆಯಬೇಕಾದದ್ದು ಇನ್ನೂ ಬಹಳವಿದೆ, ಆದರೆ ಮಸಿ ಲೇಖನಿಗಳಿಂದ ಬರೆಯಲು ಮನಸ್ಸಿಲ್ಲ, ಬೇಗನೆ ನಿನ್ನನ್ನು ಕಂಡು ಮುಖಾಮುಖಿಯಾಗಿ ಮಾತಾಡುತ್ತೇನೆ ಎಂದು ವೃದ್ಧನಾದ ಬರಹಗಾರನು ಅರ್ಧಕ್ಕೇ ನಿಲ್ಲಿಸುತ್ತಾನೆ. ಅಲ್ಲಿರುವ ಸ್ನೇಹಿತರಿಗೆ ಹೆಸರು ಹೆಸರಾಗಿ ವಂದನೆ ಹೇಳು ಎಂಬುದು ಅವನ ಕಡೆಯ ಮಾತು. 'ಸಭೆಯವರೆಲ್ಲರಿಗೂ' ಎಂದು ಒಟ್ಟಾಗಿ ಹೇಳಿ ಮುಗಿಸಬಹುದಾಗಿತ್ತು, ಹಾಗೆ ಮಾಡಲಿಲ್ಲ.

ಹಿರಿಯರ ಮಾತನ್ನು ಮೀರಿದೆನೆಂಬ ಅಳುಕು ಬೇಡ. ಹೋಗಿ ಬಂದ ಮೇಲೆ ಅವರ ಮನೆಗೂ ಹೋಗಿ ಕುಳಿತುಕೊಳ್ಳಿ. ಅವರ ಬಳಿಯೂ ಸುಮ್ಮನೆ ಕೂರುವವರು ಯಾರಾದರೂ ಇದ್ದಾರೆಯೋ ಇಲ್ಲವೋ.

ಉತ್ತರ: ಮೈಸೂರಿನಿಂದ, ಕಥೋಲಿಕ ಓದುಗ

ಮೇಲಿನ ಹಿರಿಯರ ಮಾತಿಗೆ ನಮ್ಮ ಪರಂಪರೆಯಿಂದ ಒಂದಷ್ಟನ್ನು ಸೇರಿಸಲು ಬಯಸುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯನ್ನು ಎಂಟುನೂರೈವತ್ತು ವರ್ಷಗಳ ಹಿಂದೆಯೇ ಒಬ್ಬರು ತಮ್ಮ ಮಠದಲ್ಲಿ ಕುಳಿತು ಚರ್ಚಿಸಿದ್ದಾರೆ.

ಇಂಗ್ಲೆಂಡಿನ ಯಾರ್ಕ್‌ಶೈರಿನಲ್ಲಿ ರೀವೋ ಎಂಬ, ಸಿಸ್ಟರ್ಸಿಯನ್ ಸನ್ಯಾಸಿ ಸಂಘಕ್ಕೆ ಸೇರಿದ ಮಠವಿತ್ತು. 1147ರಿಂದ 1167ರಲ್ಲಿ ತೀರಿಕೊಳ್ಳುವವರೆಗೆ ಸಂತ ಏಲ್ರೆಡ್ ಅಲ್ಲಿನ ಮಠಾಧಿಪತಿಗಳಾಗಿದ್ದರು. ಆ ಮಠ ಕಟ್ಟುನಿಟ್ಟಿನದು. ಸೋಮಾರಿತನ ಆತ್ಮದ ವೈರಿ ಎಂದು ಸಾರುವ ಸಂತ ಬೆನೆಡಿಕ್ಟರ ನಿಯಮದಂತೆ ಪ್ರಾರ್ಥನೆ, ಓದು, ಮೈಮುರಿದು ದುಡಿಮೆ ಎಂದು ದಿನವನ್ನು ಹಂಚಿಕೊಂಡಿದ್ದವರು ಅವರು. ಮೌನವೇ ಅಲ್ಲಿನ ವಾಡಿಕೆ. ಅಂಥ ಮಠದ ಮುಖ್ಯಸ್ಥರು ಆತ್ಮಿಕ ಗೆಳೆತನವನ್ನು ಕುರಿತು ಒಂದು ಕೃತಿ ಬರೆದರು, ಅದನ್ನೂ ಉಪದೇಶದ ರೂಪದಲ್ಲಿ ಬರೆಯದೆ ಗೆಳೆಯರ ಸಂಭಾಷಣೆಯ ರೂಪದಲ್ಲಿ ಬರೆದರು. ನಾವಿಬ್ಬರು ಇಲ್ಲಿದ್ದೇವೆ, ನಮ್ಮ ನಡುವೆ ಮೂರನೆಯವರಾಗಿ ಕ್ರಿಸ್ತರಿದ್ದಾರೆಂದು ನಂಬುತ್ತೇನೆ ಎನ್ನುತ್ತಾ ಅವರು ಐವೋ ಎಂಬ ಸನ್ಯಾಸಿಯೊಡನೆ ಮಾತಿಗೆ ತೊಡಗುತ್ತಾರೆ. ಎಲ್ಲರೂ ಕೂಡಿ ಮಾತಾಡುತ್ತಿದ್ದಾಗ ಐವೋ ಒಬ್ಬನೇ ಬಾಯಿಬಿಡದೆ ಕುಳಿತಿದ್ದುದನ್ನು ಏಲ್ರೆಡ್ ಗಮನಿಸಿದ್ದರು. ಗುಂಪಿನಲ್ಲಿ ಹೇಳಲಾಗದ್ದನ್ನು ಈಗ ಹೇಳು ಎಂದು ಅವನಿಗೆ ಜಾಗ ಮಾಡಿಕೊಡುತ್ತಾರೆ.

ಎರಡನೆಯ ಭಾಗದ ಆರಂಭ ನನಗೆ ಬಹಳ ಪ್ರಿಯವಾದದ್ದು. ಹೊರಗಿನ ವ್ಯವಹಾರಸ್ಥರು ಬಂದು ಏಲ್ರೆಡರ ಹೊತ್ತನ್ನೆಲ್ಲ ನುಂಗಿಹಾಕಿರುತ್ತಾರೆ. ವಾಲ್ಟರ್ ಎಂಬ ಸನ್ಯಾಸಿ ದೂರದಲ್ಲಿ ಒಬ್ಬನೇ ಕುಳಿತು ಚಡಪಡಿಸುತ್ತಿರುತ್ತಾನೆ. ಅವರು ಹೋದ ಮೇಲೆ, ಈ ಫರೋಹನ ಆಳುಗಳಿಗೆಲ್ಲ ನೀವು ಸಿಗುತ್ತೀರಿ, ನಿಮ್ಮ ಮೇಲೆ ಹೆಚ್ಚಿನ ಹಕ್ಕಿರುವ ನಮಗೆ ಮಾತ್ರ ಒಂದು ಮಾತಿಗೂ ಸಿಗುವುದಿಲ್ಲ ಎಂದು ನೇರವಾಗಿಯೇ ಆಕ್ಷೇಪಿಸುತ್ತಾನೆ. ಸಹೋದರರೇ, ಆರಾಧನೆ ಮುಗಿದ ಮೇಲೆ ನಿಮ್ಮನ್ನು ಕಮಿಟಿಗೆ ಕರೆದುಕೊಂಡು ಹೋಗುವಾಗ ಅಂಗಳದಲ್ಲಿ ನಿಂತಿದ್ದ ನಿಮ್ಮ ಗೆಳೆಯನ ಚಿತ್ರ ಇದನ್ನು ಓದುವಾಗ ನನ್ನ ಕಣ್ಣಿಗೆ ಕಟ್ಟಿತು. ಏಲ್ರೆಡ್ ಆ ಸನ್ಯಾಸಿಯನ್ನು ಗದರಿಸಲಿಲ್ಲ, ಕೂರಿಸಿಕೊಂಡು ಮಾತು ಮುಂದುವರಿಸಿದರು.

ಅವರ ಕೊನೆಯ ವರ್ಷಗಳ ವಿಷಯವನ್ನೂ ಹೇಳಲೇಬೇಕು. ವಾಲ್ಟರ್ ಡೇನಿಯಲ್ ಎಂಬ ಶಿಷ್ಯ ಬರೆದ ಜೀವನ ಚರಿತ್ರೆಯಲ್ಲಿ ಇದು ಬರುತ್ತದೆ. ಸಂಧಿವಾತ, ಕಲ್ಲಿನ ನೋವುಗಳಿಂದ ಏಲ್ರೆಡ್ ಹಾಸಿಗೆ ಹಿಡಿದಿದ್ದರು. ಮಠದ ರೋಗಿಗಳ ಕೊಠಡಿಯ ಪಕ್ಕದಲ್ಲಿ ಅವರಿಗೊಂದು ಚಿಕ್ಕ ಕೋಣೆ. ಅಲ್ಲಿಗೆ ಪ್ರತಿದಿನ ಇಪ್ಪತ್ತು ಮೂವತ್ತು ಜನ ಸನ್ಯಾಸಿಗಳು ಬಂದು, ಅವರ ಹಾಸಿಗೆಯ ಮೇಲೂ ಸುತ್ತಲೂ ಕುಳಿತು, ಚಿಕ್ಕ ಮಕ್ಕಳು ತಾಯಿಯ ಬಳಿ ಮಾತಾಡುವಂತೆ ಮಾತಾಡುತ್ತಿದ್ದರು. ಎದ್ದು ಹೋಗಿ, ಮಠಾಧಿಪತಿಗಳ ಹಾಸಿಗೆ ಮುಟ್ಟಬೇಡಿ ಎಂದು ಗದರುವವರು ಅಲ್ಲಿ ಇರಲಿಲ್ಲವೆಂದು ಡೇನಿಯಲ್ ಬರೆಯುತ್ತಾನೆ. ನೂರಾರು ಜನರಿದ್ದ ಮಠವನ್ನು ನಡೆಸುವ, ಮೇಲೆ ದೇಹಬಾಧೆಯನ್ನೂ ಹೊತ್ತಿದ್ದ ವ್ಯಕ್ತಿಗೆ ನಮ್ಮೆಲ್ಲರಿಗಿಂತ ಹೆಚ್ಚಿನ ಕೆಲಸವಿದ್ದಿರಬೇಕು. ಆ ಬಾಗಿಲು ತೆರೆದೇ ಇತ್ತು.

'ಆತ್ಮಿಕ ಉದ್ದೇಶ'ವಿರಬೇಕೇ ಎಂದು ಕೇಳಿದ್ದೀರಿ. ಐವೋ ಇನ್ನೂ ಧೈರ್ಯದ ಪ್ರಶ್ನೆ ಕೇಳಿದ್ದ: ದೇವರು ಪ್ರೀತಿಸ್ವರೂಪಿ ಎಂದು ಯೊವಾನ್ನರು (ನೀವು ಯೋಹಾನನೆನ್ನುವವರು) ಹೇಳಿರುವಂತೆ, ದೇವರು ಗೆಳೆತನವೇ ಎಂದು ಹೇಳಬಹುದೇ? ಏಲ್ರೆಡ್ ಎಚ್ಚರಿಕೆಯಿಂದ ಉತ್ತರಿಸುತ್ತಾರೆ. ಪವಿತ್ರ ಗ್ರಂಥದಲ್ಲಿ ಹಾಗೆ ಹೇಳಿಲ್ಲ, ಆದರೆ ಗೆಳೆತನದಲ್ಲಿ ನೆಲೆಸಿರುವವನು ದೇವರಲ್ಲಿ ನೆಲೆಸಿರುತ್ತಾನೆಂದು ಹೇಳಲು ತಾನು ಹಿಂಜರಿಯುವುದಿಲ್ಲ ಎನ್ನುತ್ತಾರೆ. ಅವರ ಈ ಮಾತನ್ನು ನಾನು ಪೂರ್ತಿಯಾಗಿ ನಂಬುತ್ತೇನೆ. ಗೆಳೆಯನ ಮನೆಗೆ ಹೋಗುವುದಕ್ಕೆ ಬೇರೊಂದು ಪುಣ್ಯಕಾರ್ಯದ ಹೊದಿಕೆ ಬೇಕಾಗಿಲ್ಲ.

ಉತ್ತರ: ಮಂಗಳೂರಿನಿಂದ, ಗೃಹಿಣಿ

ಎಲ್ಲರ ಬರಹಗಳನ್ನೂ ಓದಿ ಸಂತೋಷವಾಯಿತು, ಆದರೂ ಒಂದು ಮಾತನ್ನು ಹೇಳದೆ ಇರಲಾರೆ. ಗೆಳೆಯರು ಸಂಜೆಯವರೆಗೂ ನಿರಾಳವಾಗಿ ಕೂರುವಾಗ ಮಧ್ಯಾಹ್ನದ ಅಡುಗೆ, ನಾಲ್ಕು ಗಂಟೆಯ ಚಹಾ, ತಿಂಡಿ ಯಾರ ಕೈಯಿಂದ ಬರುತ್ತದೆ? ನಮ್ಮ ಮನೆಗಳಲ್ಲಿ ಗಂಡಸರ ಬಿಡುವು ಬಹಳ ಸಲ ಹೆಂಗಸರ ದುಡಿಮೆಯ ಮೇಲೆ ನಿಂತಿರುತ್ತದೆ. ಬೇಥಾನ್ಯದ ಮಾರ್ಥಳ ಕಥೆಯನ್ನು ಪ್ರಸಂಗಗಳಲ್ಲಿ ಕೇಳುವಾಗಲೆಲ್ಲ ನನಗೆ ಅವಳ ಪರವಾಗಿ ನೋವಾಗುತ್ತದೆ. ತಂಗಿ ಮರಿಯಳು ಯೇಸುವಿನ ಪಾದದ ಬಳಿ ಕುಳಿತು ಕೇಳುತ್ತಿದ್ದಾಗ, ತನಗೆ ನೆರವಾಗುತ್ತಿಲ್ಲವೆಂದು ದೂರಿ ಅವಳು ಆತನಿಂದ ಬುದ್ಧಿಮಾತು ಕೇಳಬೇಕಾಯಿತು. ಅಷ್ಟು ಜನರಿಗೆ ಬಡಿಸಬೇಕಾದವಳು ಅವಳೊಬ್ಬಳೇ. ಆದರೆ ಯೋಹಾನನು ತನ್ನ 12ನೆಯ ಅಧ್ಯಾಯದಲ್ಲಿ, ಯೆಹೂದ್ಯರ ಪಸ್ಕ ಹಬ್ಬಕ್ಕೆ ಆರು ದಿನ ಮುಂಚೆ ಅದೇ ಊರಿನಲ್ಲಿ ನಡೆದ ಊಟವನ್ನು ಹೇಳುವಾಗ, ಮಾರ್ಥಳು ಉಪಚಾರ ಮಾಡುತ್ತಿದ್ದಳು ಎಂದು ಮತ್ತೆ ಬರೆಯುತ್ತಾನೆ. ಈ ಸಲ ದೂರಿಲ್ಲ, ಅವಳಿಗೆ ಬುದ್ಧಿಮಾತೂ ಇಲ್ಲ. ಸತ್ತು ಬದುಕಿದ ತಮ್ಮ ಪಂಕ್ತಿಯಲ್ಲಿ ಕುಳಿತಿದ್ದಾನೆ, ತಂಗಿ ತೈಲ ತಂದಿದ್ದಾಳೆ, ಅಕ್ಕ ಬಡಿಸುತ್ತಿದ್ದಾಳೆ. ಅಂದು ಅವಳ ಕೈಗೆ ಕೆಲಸವಿತ್ತು, ಮನಸ್ಸಿಗೆ ಅವಸರವಿರಲಿಲ್ಲ ಎಂದು ನಾನು ಓದಿಕೊಳ್ಳುತ್ತೇನೆ.

ನಮ್ಮ ಅವಸರವಿಲ್ಲದ ಹೊತ್ತು ಸಿಗುವುದೂ ಹಾಗೆಯೇ. ಕ್ರಿಸ್ಮಸ್ ಹತ್ತಿರ ಬಂದಾಗ ನಾವು ನಾಲ್ಕು ಜನ ಗೆಳತಿಯರು ಒಬ್ಬರ ಮನೆಯಲ್ಲಿ ಸೇರಿ ಕುಸ್ವಾರ್, ಅಂದರೆ ಹಬ್ಬದ ತಿಂಡಿಗಳನ್ನು ಮಾಡುತ್ತೇವೆ. ಕಿಡಿಯೋ ಎಂಬ ಸುರುಳಿ ತಿಂಡಿ ಮಾಡಲು ಹೊಸ ಬಾಚಣಿಗೆ ಇಟ್ಟುಕೊಂಡಿರುತ್ತೇವೆ. ಗೋಲಿ ಗಾತ್ರದ ಹಿಟ್ಟನ್ನು ಅದರ ಹಲ್ಲುಗಳ ಮೇಲೆ ಹೆಬ್ಬೆರಳಿನಿಂದ ಒತ್ತಿ ಚಪ್ಪಟೆ ಮಾಡಿ, ಗೆರೆ ಮೂಡಿದ ಮೇಲೆ ಮೆಲ್ಲಗೆ ಸುರುಳಿ ಸುತ್ತಿ ಬಟ್ಟೆಯ ಮೇಲೆ ಹಾಕುತ್ತಾ ಹೋಗಬೇಕು. ಒಂದು ಕಿಲೋ ಹಿಟ್ಟು ಮುಗಿಯುವಷ್ಟರಲ್ಲಿ ಮಧ್ಯಾಹ್ನ ಕಳೆದಿರುತ್ತದೆ. ಎರಡು ವರ್ಷಗಳ ಹಿಂದೆ, ಹೀಗೆ ಎಲ್ಲರ ಕಣ್ಣೂ ಬಾಚಣಿಗೆಯ ಮೇಲಿದ್ದಾಗ, ನಮ್ಮಲ್ಲೊಬ್ಬಳು ತಲೆಯೆತ್ತದೆಯೇ "ಎದೆಯಲ್ಲಿ ಗಂಟು ಸಿಕ್ಕಿದೆ, ಮನೆಯಲ್ಲಿ ಹೇಳಿಲ್ಲ" ಎಂದಳು. ಯಾರೂ ಕೂಗಲಿಲ್ಲ. ಪಕ್ಕದಲ್ಲಿದ್ದವಳು ಇನ್ನಷ್ಟು ಹಿಟ್ಟನ್ನು ಅವಳ ಮುಂದೆ ಸರಿಸಿ, "ನಾಳೆ ಬೆಳಿಗ್ಗೆ ನಾನು ಜೊತೆಗೆ ಬರುತ್ತೇನೆ" ಎಂದಳು. ಸ್ತ್ರೀಯರ ಕೂಟದಲ್ಲಿ ಪ್ರತಿ ವಾರ ಪ್ರಾರ್ಥನಾ ವಿಷಯಗಳನ್ನು ಕೇಳುತ್ತಾರೆ. ಅಲ್ಲಿ ಅವಳು ಮಗನ ಪರೀಕ್ಷೆಯನ್ನು ಹೇಳಿದ್ದಳು. ಚಿಕಿತ್ಸೆ ಮುಗಿದು ಈಗ ಅವಳು ಚೆನ್ನಾಗಿದ್ದಾಳೆ, ದೇವರಿಗೆ ಸ್ತೋತ್ರ.

ಸುಮ್ಮನೆ ಕೂತರೆ ಪಾಪವೆಂಬ ಭಾವನೆ ನಮ್ಮಲ್ಲಿ ಆಳವಾಗಿದೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸೇವಾಸಂಸ್ಥೆಯಾದ ಬಾಸೆಲ್ ಮಿಷನ್ ಇಲ್ಲಿಗೆ 1834ರಲ್ಲಿ ಬಂತು. 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದು, ವಿಶ್ವಾಸಕ್ಕೆ ಬಂದು ಮನೆಮಠ ಕಳೆದುಕೊಂಡವರಿಗೆ ದುಡಿಮೆ ಕೊಟ್ಟಿತು. ಆ ದುಡಿಮೆಯ ಶಿಸ್ತಿನಿಂದಲೇ ನಮ್ಮ ಹಿರಿಯರು ತಲೆಯೆತ್ತಿ ಬದುಕಿದರು. ಅದಕ್ಕೆ ನಾನು ಕೃತಜ್ಞಳು. ಆದರೆ ಕೆಲಸದ ಹೊತ್ತಿಗೆ ಸಲ್ಲುವ ಶಿಸ್ತನ್ನು ಗೆಳೆತನದ ಹೊತ್ತಿಗೂ ಹಾಕಬೇಕಾಗಿಲ್ಲ.

ನೀವು ಹೋಗುವಾಗ ತರಕಾರಿ ತೆಗೆದುಕೊಂಡು ಹೋಗಿ, ಅಣ್ಣ. ಅವನ ತಾಯಿಯನ್ನು ಒಲೆಯ ಮುಂದೆ ಒಬ್ಬರೇ ಬಿಡಬೇಡಿ.

ಉತ್ತರ: ಹಾವೇರಿ ಜಿಲ್ಲೆಯಿಂದ, ಸಭಾಪಾಲಕ

ಎರಡೇ ಮಾತುಗಳನ್ನು ಹೇಳುತ್ತೇನೆ. ಸತ್ಯವೇದದಲ್ಲಿ, ಎಲ್ಲವನ್ನೂ ಕಳೆದುಕೊಂಡ ಯೋಬನ ಮೂವರು ಸ್ನೇಹಿತರು ಏಳು ದಿನ, ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಕುಳಿತಿದ್ದರು, ಅವನ ಬಾಧೆ ಬಹು ದೊಡ್ಡದೆಂದು ಕಂಡು ಒಂದು ಮಾತನ್ನೂ ಆಡಲಿಲ್ಲ. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದು ಕಾರಣ ಹುಡುಕತೊಡಗಿದ ಮೇಲೆ ಅವನ ಸಂಕಟವನ್ನು ಹೆಚ್ಚಿಸಿದರು. ಆದ್ದರಿಂದ ಖಾಲಿ ಹುದ್ದೆಗಳ ಪಟ್ಟಿಯನ್ನಾಗಲಿ, ಶೋಧನೆಯ ಮೇಲಿನ ವಚನಗಳನ್ನಾಗಲಿ ಸಿದ್ಧ ಮಾಡಿಕೊಂಡು ಹೋಗಬೇಡಿ. ಅವನು ಕೇಳಿದರೆ ಎರಡಕ್ಕೂ ಸಮಯವಿದೆ.

ನಿಮ್ಮ ಹಿರಿಯರ ಭಯವೂ ಆಧಾರವಿಲ್ಲದ್ದಲ್ಲ. ಬಿಡುವಾಗಿ ಕುಳಿತವರ ಮಾತು ಚಾಡಿಯ ಕಡೆಗೆ ಹರಿದು ಸಭೆಗಳು ಒಡೆದದ್ದನ್ನು ನಾನು ಕಂಡಿದ್ದೇನೆ. ನೆರೆಯವನಿಗೆ ಬೇಸರವಾಗುವಷ್ಟು ಸಲ ಅವನ ಮನೆ ಮೆಟ್ಟಬೇಡವೆಂದು ಸತ್ಯವೇದದ ಜ್ಞಾನೋಕ್ತಿಯೂ ಎಚ್ಚರಿಸುತ್ತದೆ. ನಾನು ತಿಂಗಳಿಗೊಮ್ಮೆ ಬೇರೆ ಊರಿನ ಸಭಾಪಾಲಕರೊಬ್ಬರ ಮನೆಗೆ ಹೋಗುತ್ತೇನೆ. ಇಬ್ಬರೂ ನಮ್ಮ ಸಭೆಯವರ ವಿಷಯ ಎತ್ತುವುದಿಲ್ಲವೆಂದು ಮೊದಲೇ ಒಪ್ಪಿಕೊಂಡಿದ್ದೇವೆ. ಹೊಲದ ಬದುವಿನ ಮೇಲೆ ನಡೆಯುತ್ತೇವೆ, ಅವರ ಮೆಣಸಿನ ಗಿಡಗಳನ್ನು ನೋಡುತ್ತೇವೆ. ಅಯ್ಯನವರೆಂದು ಕರೆಸಿಕೊಳ್ಳುವವನಿಗೆ ಹೆಸರು ಹಿಡಿದು ಕರೆಯುವ ಒಬ್ಬನಾದರೂ ಬೇಕಾಗುತ್ತದೆ.

ಪ್ರಶ್ನೆ ಕೇಳಿದವರಿಂದ

ನಿಮ್ಮೆಲ್ಲರಿಗೂ ಮನಃಪೂರ್ವಕ ವಂದನೆಗಳು. ಮೊನ್ನೆ ಶನಿವಾರ ಹೋಗಿ ಬಂದೆ. ಮಂಗಳೂರಿನ ಸಹೋದರಿಯ ಮಾತಿನಂತೆ ಎರಡು ಕಿಲೋ ಅವರೆಕಾಯಿ ತೆಗೆದುಕೊಂಡು ಹೋಗಿದ್ದೆ. ಅಮ್ಮ, ಅವನು, ನಾನು ಹಜಾರದಲ್ಲಿ ಪೇಪರ್ ಹಾಸಿಕೊಂಡು ಕಾಯಿ ಬಿಡಿಸುತ್ತಾ ಕುಳಿತೆವು. ಬೆರಳಿಗೆ ಅಂಟಿದ ಸೊಗಡು ಮರುದಿನದ ಆರಾಧನೆಯಲ್ಲಿಯೂ ಹೋಗಿರಲಿಲ್ಲ. ಬೋರ್ಡಿಂಗಿನ ವಾರ್ಡನ್, ಆಗ ಕೊಡುತ್ತಿದ್ದ ಉಪ್ಪಿಟ್ಟು, ತೀರಿಕೊಂಡ ಒಬ್ಬ ಸಹಪಾಠಿ, ಹೀಗೆ ಮಾತು ಎಲ್ಲೆಲ್ಲಿಗೋ ಹೋಯಿತು. ಕೆಲಸದ ವಿಷಯವನ್ನು ಅವನು ಊಟವಾದ ಮೇಲೆ ತಾನಾಗಿ ಹೇಳಿದ, ಹತ್ತು ನಿಮಿಷದಲ್ಲಿ ಮುಗಿಸಿದ. ನಾನು ಹೆಚ್ಚೇನೂ ಹೇಳಲಿಲ್ಲ.

ನಾನು ಎಣಿಸಿರದಿದ್ದ ಸಂಗತಿ ಆಮೇಲೆ ನಡೆಯಿತು. ಅಮ್ಮ ಮಲಗಲು ಹೋದ ಮೇಲೆ ಅವನು "ನೀನು ಹೇಗಿದ್ದೀಯ?" ಎಂದು ಕೇಳಿದ. "ದೇವರ ಕೃಪೆಯಿಂದ ಚೆನ್ನಾಗಿದ್ದೇನೆ" ಎಂಬ ಮಾತು ತಾನಾಗಿಯೇ ನನ್ನ ಬಾಯಿಂದ ಬಂತು. ಅವನು ಏನನ್ನೂ ಹೇಳದೆ, ಬಿಡಿಸಿದ ಕಾಳಿನ ಬಟ್ಟಲಿನಲ್ಲಿ ಕೈಯಾಡಿಸುತ್ತಾ ಕಾದ. ತಂದೆ ತೀರಿಕೊಂಡ ಮೇಲೆ ಒಂದು ವರ್ಷದಿಂದ ನನಗೆ ಒಬ್ಬನೇ ಇರುವಾಗ ಪ್ರಾರ್ಥಿಸಲು ಆಗುತ್ತಿಲ್ಲ. ಗಾಯನ ಮಂಡಳಿಯಲ್ಲಿ ಹಾಡುತ್ತೇನೆ, ಕೂಟಗಳಲ್ಲಿ ಗಟ್ಟಿಯಾಗಿ ಪ್ರಾರ್ಥಿಸುತ್ತೇನೆ, ಕೋಣೆಯಲ್ಲಿ ಮೊಣಕಾಲೂರಿದರೆ ಮಾತು ಹೊರಡುವುದಿಲ್ಲ. ಅದನ್ನು ಹೆಂಡತಿಗೂ ಹೇಳಿರಲಿಲ್ಲ. ಅವನಿಗೆ ಹೇಳಿದೆ. ಹೊರಗೆ ಕತ್ತಲಾಗುತ್ತಿತ್ತು, ಅವನು ದೀಪ ಹಾಕಲು ಏಳಲಿಲ್ಲ.

ಪ್ರತಿ ತಿಂಗಳ ಎರಡನೆಯ ಶನಿವಾರ ಅಭ್ಯಾಸಕ್ಕೆ ಬರುವುದಿಲ್ಲವೆಂದು ಗಾಯನ ಮಂಡಳಿಯ ನಾಯಕರಿಗೆ ತಿಳಿಸಿದ್ದೇನೆ, ಅವರು ಒಪ್ಪಿದ್ದಾರೆ. ಈ ಭಾನುವಾರ ಮಧ್ಯಾಹ್ನ, ಧಾರವಾಡದ ಗುರುಗಳು ಹೇಳಿದಂತೆ, ನಮ್ಮ ಹಿರಿಯರ ಮನೆಗೆ ಹೋಗುತ್ತಿದ್ದೇನೆ.